ಏಷ್ಯಾದ ಅಂಗಳದಲ್ಲಿ ಭಾರತದ ವನಿತೆಯರು: ಕಳೆದುಹೋದ ನಾಲ್ಕು ದಶಕಗಳ ಲೆಕ್ಕ

2025ರ ಜುಲೈ 5ರಂದು ಥಾಯ್ಲೆಂಡ್‌ನ ಚಿಯಾಂಗ್ ಮಾಯ್ ನಗರದಲ್ಲಿ ಆತಿಥೇಯ ತಂಡವನ್ನು 2–1 ಗೋಲುಗಳಿಂದ ಮಣಿಸಿದ ಭಾರತದ ಮಹಿಳಾ ಫುಟ್‌ಬಾಲ್ ತಂಡ, 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿತು. ಎರಡೂ ಗೋಲು ಪಶ್ಚಿಮ ಬಂಗಾಳದ ಮಿಡ್‌ಫೀಲ್ಡ್ ಆಟಗಾರ್ತಿ ಸಂಗೀತಾ ಬಾಸ್‌ಫೋರ್ ಅವರದು. ಆಗ ಫಿಫಾ ಕ್ರಮಾಂಕದಲ್ಲಿ ಭಾರತ 70ನೇ ಸ್ಥಾನದಲ್ಲಿತ್ತು, ಥಾಯ್ಲೆಂಡ್ 46ರಲ್ಲಿತ್ತು. 2015 ಮತ್ತು 2019ರಲ್ಲಿ ಎರಡು ಬಾರಿ ವಿಶ್ವಕಪ್ ಆಡಿಬಂದ ತಂಡವನ್ನು ಅದರ ನೆಲದಲ್ಲೇ ಸೋಲಿಸಿದ್ದು ಸಣ್ಣ ಸಂಗತಿಯೇನಲ್ಲ. ಅರ್ಹತಾ ಸುತ್ತಿನ ಮೂಲಕ ಭಾರತದ ಮಹಿಳೆಯರು ಏಷ್ಯಾ ಕಪ್ ತಲುಪಿದ್ದು ಅದೇ ಮೊದಲು. ಪತ್ರಿಕೆಗಳೂ ವಾಹಿನಿಗಳೂ ಇದನ್ನು ‘ಇತಿಹಾಸ ನಿರ್ಮಾಣ’ ಎಂದು ಬಣ್ಣಿಸಿದವು.

ಆ ಬಣ್ಣನೆಯಲ್ಲಿ ತಪ್ಪಿಲ್ಲ. ಆದರೆ ಅದು ಅರ್ಧ ಸತ್ಯ. ಏಕೆಂದರೆ ಇದೇ ಪಂದ್ಯಾವಳಿಯ ಫೈನಲ್‌ನಲ್ಲಿ ಭಾರತ ಎರಡು ಬಾರಿ ಆಡಿತ್ತು, ಒಮ್ಮೆ ಮೂರನೇ ಸ್ಥಾನ ಪಡೆದಿತ್ತು. ಅದೆಲ್ಲ ನಡೆದದ್ದು 1980ರಿಂದ 1983ರ ನಡುವಣ ನಾಲ್ಕೇ ವರ್ಷಗಳಲ್ಲಿ. ಒಂದು ಕಾಲಕ್ಕೆ ಏಷ್ಯಾದ ಎರಡನೇ ಸ್ಥಾನದಲ್ಲಿ ನಿಂತಿದ್ದ ದೇಶಕ್ಕೆ, ನಾಲ್ಕು ದಶಕಗಳ ಬಳಿಕ ಬರೀ ಅರ್ಹತೆ ಪಡೆಯುವುದೇ ಇತಿಹಾಸವಾಗಿ ಕಾಣಬೇಕಾದ ಸ್ಥಿತಿ ಏಕೆ ಬಂತು? ನಮ್ಮ ಹೆಣ್ಣುಮಕ್ಕಳ ಕಾಲಲ್ಲಿದ್ದ ಕಸುವು ಏಕಾಏಕಿ ಬತ್ತಿತೇ? ಖಂಡಿತ ಇಲ್ಲ. ಬತ್ತಿದ್ದು ಆಡುವ ಅವಕಾಶ. ಏಷ್ಯಾದ ಉಳಿದ ದೇಶಗಳು ವರ್ಷವಿಡೀ ಪಂದ್ಯ ಆಡಿಸುವ ವ್ಯವಸ್ಥೆ ಕಟ್ಟುತ್ತಿದ್ದಾಗ ನಾವು ಆಡುವುದನ್ನೇ ನಿಲ್ಲಿಸಿದೆವು. ಏಷ್ಯಾ ಕಪ್‌ನಲ್ಲಿ ಭಾರತ ನಡೆದುಬಂದ ಹಾದಿಯನ್ನು ವರ್ಷವಾರು ಅವಲೋಕಿಸಿದರೆ ಈ ಮಾತು ಮನದಟ್ಟಾಗುತ್ತದೆ.

ಕಲ್ಲಿಕೋಟೆಯಿಂದ ಬ್ಯಾಂಕಾಕ್‌ವರೆಗೆ

ಏಷ್ಯಾ ಮಟ್ಟದ ಮಹಿಳಾ ಫುಟ್‌ಬಾಲ್ ಚಾಂಪಿಯನ್‌ಷಿಪ್ ಆರಂಭವಾದದ್ದು 1975ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಆಗ ಅದನ್ನು ನಡೆಸುತ್ತಿದ್ದದ್ದು ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ ಅಲ್ಲ. ಮಹಿಳಾ ಫುಟ್‌ಬಾಲ್‌ಗೆಂದೇ ಇದ್ದ ಪ್ರತ್ಯೇಕ ಸಂಘಟನೆ. ಭಾರತದಲ್ಲಿಯೂ ಅದೇ ಮಾದರಿ. 1975ರಲ್ಲಿ ಹುಟ್ಟಿಕೊಂಡ ಭಾರತ ಮಹಿಳಾ ಫುಟ್‌ಬಾಲ್ ಫೆಡರೇಷನ್ ಪುರುಷರ ಫುಟ್‌ಬಾಲ್ ನೋಡಿಕೊಳ್ಳುತ್ತಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ (ಎಐಎಫ್‌ಎಫ್) ಹೊರಗೇ ಕೆಲಸ ಮಾಡುತ್ತಿತ್ತು. ಕೈಯಲ್ಲಿ ಹಣ ಕಡಿಮೆ, ಪ್ರಚಾರ ಇನ್ನೂ ಕಡಿಮೆ. ಆದರೂ ಆ ಸಂಸ್ಥೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸಿತು, ತಂಡ ಕಟ್ಟಿತು, ಹೊರದೇಶಗಳಿಗೆ ಕಳುಹಿಸಿತು.

1980ರ ಆರಂಭದಲ್ಲಿ ಏಷ್ಯಾದ ಈ ಪಂದ್ಯಾವಳಿಗೆ ಆತಿಥ್ಯ ವಹಿಸಿದ್ದು ನಮ್ಮ ನೆರೆಯ ಕೇರಳದ ಕಲ್ಲಿಕೋಟೆ. ಆತಿಥೇಯ ಭಾರತ ಎರಡು ತಂಡಗಳನ್ನು ಕಣಕ್ಕಿಳಿಸಿತು. ಅವುಗಳಲ್ಲೊಂದು ಫೈನಲ್ ತಲುಪಿ ತೈವಾನ್ ಎದುರು 0–2ರಿಂದ ಸೋತಿತು. ಮರುವರ್ಷ, 1981ರಲ್ಲಿ, ಹಾಂಗ್‌ಕಾಂಗ್‌ನಲ್ಲಿ ಭಾರತಕ್ಕೆ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್. ಅಲ್ಲಿ ಥಾಯ್ಲೆಂಡ್ 3–0ಯಿಂದ ಗೆದ್ದಿತು. ಅದೇ 1983ನೇ ಸಾಲಿನಲ್ಲಿ ಬಂಗಾಳದ ಶಾಂತಿ ಮಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ಫುಟ್‌ಬಾಲ್‌ಗಾಗಿ ಈ ಗೌರವ ಪಡೆದ ಮೊದಲ ಮಹಿಳೆ ಅವರು. ಎರಡನೆಯವರಾಗಿ ಮಣಿಪುರದ ಒಯಿನಂ ಬೆಂಬೆಂ ದೇವಿ ಆ ಪ್ರಶಸ್ತಿ ಪಡೆದದ್ದು 2017ರಲ್ಲಿ. ಎರಡು ಪ್ರಶಸ್ತಿಗಳ ನಡುವೆ 34 ವರ್ಷಗಳ ಅಂತರ!

ಆ ಕಾಲದ ಸಾಧನೆಯನ್ನು ಉತ್ಪ್ರೇಕ್ಷಿಸುವುದೂ ಸಲ್ಲ. ಅಂದಿನ ಏಷ್ಯಾದಲ್ಲಿ ಮಹಿಳಾ ತಂಡಗಳ ಸಂಖ್ಯೆಯೇ ಕಡಿಮೆ. ಚೀನಾ ಇನ್ನೂ ಕಣಕ್ಕೆ ಇಳಿದಿರಲಿಲ್ಲ. ಎರಡೂ ಕೊರಿಯಾಗಳು ಬರಲು ಬಹಳ ವರ್ಷಗಳಿದ್ದವು. ಆದ್ದರಿಂದ ‘ನಾವು ಏಷ್ಯಾದ ಬಲಿಷ್ಠರಾಗಿದ್ದೆವು’ ಎನ್ನುವುದಕ್ಕಿಂತ ‘ಎಲ್ಲರೂ ಓಟ ಆರಂಭಿಸಿದ ಗೆರೆಯಲ್ಲಿ ನಾವೂ ಇದ್ದೆವು, ಮುಂದಿನ ಸಾಲಿನಲ್ಲೇ ಇದ್ದೆವು’ ಎನ್ನುವುದು ಹೆಚ್ಚು ಸರಿ.

ಆ ಆರಂಭದ ಗೆರೆ ಎಲ್ಲಿತ್ತು ಎಂಬುದಕ್ಕೆ ಜಪಾನ್‌ನ ನಿದರ್ಶನ ಒಂದೇ ಸಾಕು. ಜಪಾನ್‌ನ ಮಹಿಳಾ ರಾಷ್ಟ್ರೀಯ ತಂಡ ತನ್ನ ಮೊದಲ ಅಧಿಕೃತ ಪಂದ್ಯಗಳನ್ನು ಆಡಿದ್ದು 1981ರ ಅದೇ ಹಾಂಗ್‌ಕಾಂಗ್ ಪಂದ್ಯಾವಳಿಯಲ್ಲಿ. ಭಾರತ ಮೂರನೇ ಸ್ಥಾನ ಗಳಿಸಿದ ಆ ಸಲ ಜಪಾನ್ ಗುಂಪು ಹಂತದಲ್ಲೇ ಹೊರಬಿತ್ತು. ಸರಿಯಾಗಿ 30 ವರ್ಷಗಳ ತರುವಾಯ, 2011ರಲ್ಲಿ, ಜಪಾನ್ ಮಹಿಳೆಯರು ವಿಶ್ವಕಪ್ ಎತ್ತಿಹಿಡಿದರು. ಅದಕ್ಕೆ ಎರಡು ವರ್ಷ ಮೊದಲು, 2009ರಲ್ಲಿ, ಭಾರತದ ಹೆಸರು ಫಿಫಾದ ಮಹಿಳಾ ಕ್ರಮಾಂಕ ಪಟ್ಟಿಯಿಂದಲೇ ಬಿದ್ದುಹೋಗಿತ್ತು.

ಹನ್ನೆರಡು ವರ್ಷಗಳ ಗೈರುಹಾಜರಿ

1983ರ ಫೈನಲ್ ಬಳಿಕ ಭಾರತ ಏಷ್ಯಾದ ಈ ಪಂದ್ಯಾವಳಿಗೆ ಮರಳಿದ್ದು 1995ರಲ್ಲಿ. 1986, 1989, 1991, 1993 ಹೀಗೆ ಸತತ ನಾಲ್ಕು ಪಂದ್ಯಾವಳಿಗಳಲ್ಲಿ ನಮ್ಮ ತಂಡವೇ ಇರಲಿಲ್ಲ. ಸೋತು ಹಿಂದೆ ಬಿದ್ದದ್ದಲ್ಲ, ಕಣಕ್ಕೇ ಇಳಿಯಲಿಲ್ಲ. ಈ ಎರಡರ ನಡುವಣ ವ್ಯತ್ಯಾಸವನ್ನು ಗಮನಿಸಬೇಕು.

ಮಹಿಳಾ ಫುಟ್‌ಬಾಲ್ ಜಗತ್ತಿನ ರೂಪ ಬದಲಾದದ್ದು ಆ ಹನ್ನೆರಡು ವರ್ಷಗಳಲ್ಲೇ. 1986ರಲ್ಲಿ ಏಷ್ಯಾದ ಮಹಿಳಾ ಸಂಘಟನೆ ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ನಿನಲ್ಲಿ (ಎಎಫ್‌ಸಿ) ವಿಲೀನವಾಯಿತು. ಅದೇ ವರ್ಷ ಮೊದಲ ಬಾರಿಗೆ ಕಣಕ್ಕಿಳಿದ ಚೀನಾ ಪ್ರಶಸ್ತಿ ಗೆದ್ದು, 1999ರವರೆಗೆ ಸತತ ಏಳು ಬಾರಿ ಅದನ್ನು ಬಿಟ್ಟುಕೊಡಲಿಲ್ಲ. 1989ರಲ್ಲಿ ಜಪಾನ್ ಮಹಿಳೆಯರಿಗಾಗಿ ರಾಷ್ಟ್ರೀಯ ಲೀಗ್ ಆರಂಭಿಸಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಫುಟ್‌ಬಾಲ್ ಸೇರ್ಪಡೆಯಾಯಿತು. 1991ರಲ್ಲಿ ಚೀನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆಯಿತು. ಅದಕ್ಕೆ ಏಷ್ಯಾದಿಂದ ಅರ್ಹತೆ ನಿರ್ಧರಿಸಿದ್ದು ಅದೇ ವರ್ಷದ ಏಷ್ಯನ್ ಚಾಂಪಿಯನ್‌ಷಿಪ್. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೂ ಈ ಆಟ ಬಂತು; ಚೀನಾ ಬೆಳ್ಳಿ ಗೆದ್ದಿತು. ಮಹಿಳಾ ಫುಟ್‌ಬಾಲ್‌ಗೆ ಹಣ, ಮಾನ್ಯತೆ, ಗುರಿ ಎಲ್ಲವೂ ಒದಗಿದ ಹೊತ್ತಿನಲ್ಲಿ ಭಾರತ ಅಂಗಳದಲ್ಲೇ ಇರಲಿಲ್ಲ.

ಕಾರಣ ಹುಡುಕಿದರೆ ಆಡಳಿತದ ಅಂಗಳಕ್ಕೇ ಬಂದು ನಿಲ್ಲಬೇಕಾಗುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಮಹಿಳಾ ಫುಟ್‌ಬಾಲ್ ಎಎಫ್‌ಸಿ ಮತ್ತು ಫಿಫಾದ ತೆಕ್ಕೆಗೆ ಬಂದ ಮೇಲೆ ದೇಶದೊಳಗಿನ ಪ್ರತ್ಯೇಕ ಮಹಿಳಾ ಸಂಸ್ಥೆಗೆ ನೆಲೆ ಇಲ್ಲದಂತಾಯಿತು. 1990ರ ದಶಕದ ಆರಂಭದಲ್ಲಿ ಜವಾಬ್ದಾರಿ ಎಐಎಫ್‌ಎಫ್‌ಗೆ ವರ್ಗವಾಯಿತು. ಆಸ್ತಿ ವರ್ಗವಾದಂತೆ ಆಸ್ಥೆಯೂ ವರ್ಗವಾಗಬೇಕಿತ್ತು, ಅದು ಆಗಲಿಲ್ಲ. ಪುರುಷರ ಫುಟ್‌ಬಾಲನ್ನೇ ಸಂಭಾಳಿಸಲು ತಿಣುಕುತ್ತಿದ್ದ ಸಂಸ್ಥೆಗೆ ಮಹಿಳಾ ವಿಭಾಗವೆಂದರೆ ವರ್ಷಕ್ಕೊಂದು ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸಿ ಕೈತೊಳೆದುಕೊಳ್ಳುವ ಬಾಬತ್ತಾಯಿತು. ಪುರುಷರಿಗೆ 1996ರಲ್ಲೇ ರಾಷ್ಟ್ರೀಯ ಲೀಗ್ ಬಂತು. ಮಹಿಳೆಯರಿಗೆ ಅಂಥದ್ದೊಂದು ಲೀಗ್ ಬರಲು ಇನ್ನೂ 20 ವರ್ಷ ಕಾಯಬೇಕಾಯಿತು.

ಆಡಿದರೂ ದಕ್ಕದ ನೆಲೆ

1995ರಿಂದ 2003ರವರೆಗೆ ಸತತ ಐದು ಪಂದ್ಯಾವಳಿಗಳಲ್ಲಿ ಭಾರತ ಆಡಿತು. ಒಮ್ಮೆಯೂ ಗುಂಪು ಹಂತ ದಾಟಲಿಲ್ಲ. ಆದರೆ ಈ ಅವಧಿಯನ್ನು ಸಾರಾಸಗಟಾಗಿ ಅಲ್ಲಗಳೆಯುವಂತೆಯೂ ಇಲ್ಲ. 1997ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಭಾರತ ಗ್ವಾಮ್ ತಂಡವನ್ನು 10–0ಯಿಂದ, ಹಾಂಗ್‌ಕಾಂಗ್ ತಂಡವನ್ನು 3–0ಯಿಂದ ಸೋಲಿಸಿ, ಜಪಾನ್ ಎದುರು ಕೇವಲ 0–1ರಿಂದ ಸೋತಿತು. ಅದೇ ಜಪಾನ್ ಅದೇ ಪಂದ್ಯಾವಳಿಯಲ್ಲಿ ಗ್ವಾಮ್ ವಿರುದ್ಧ 21 ಗೋಲು ಹೊಡೆದಿತ್ತು. ಅಂದರೆ ಲೀಗ್ ಇಲ್ಲದ, ವರ್ಷಕ್ಕೆ ಬೆರಳೆಣಿಕೆಯಷ್ಟು ಪಂದ್ಯ ಕಾಣುತ್ತಿದ್ದ ನಮ್ಮ ಆಟಗಾರ್ತಿಯರು ಒಂದು ದಿನದ ಮಟ್ಟಿಗೆ ಜಪಾನನ್ನು ಒಂದು ಗೋಲಿಗೆ ತಡೆದು ನಿಲ್ಲಿಸಬಲ್ಲವರಾಗಿದ್ದರು.

ಆದರೆ ಒಂದು ದಿನದ ಛಲದಿಂದ ವರ್ಷಗಳ ತರಬೇತಿಯ ಕೊರತೆ ತುಂಬುವುದಿಲ್ಲ. ಮರುವರ್ಷವೇ, 1998ರ ಡಿಸೆಂಬರ್‌ನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಚೀನಾ 16–0 ಗೋಲುಗಳಿಂದ ಭಾರತವನ್ನು ಸದೆಬಡಿಯಿತು. 1999ರ ವಿಶ್ವಕಪ್ ಫೈನಲ್‌ನಲ್ಲಿ ಅಮೆರಿಕ ಎದುರು ಪೆನಾಲ್ಟಿ ಹಂತದವರೆಗೆ ಹೋರಾಡಿದ ತಂಡ ಅದು. ಒಂದು ಕಡೆ ವರ್ಷವಿಡೀ ಶಿಬಿರದಲ್ಲಿದ್ದು ಪಳಗಿದವರು, ಇನ್ನೊಂದು ಕಡೆ ಪಂದ್ಯಾವಳಿ ಹತ್ತಿರ ಬಂದಾಗ ಒಟ್ಟುಗೂಡಿದವರು. ಆ 16 ಗೋಲುಗಳು ಆಟಗಾರ್ತಿಯರ ಸೋಲಿಗಿಂತ ಹೆಚ್ಚಾಗಿ ಎರಡು ವ್ಯವಸ್ಥೆಗಳ ನಡುವಣ ಅಂತರವನ್ನು ಹೇಳುತ್ತವೆ.

ಈ ಕಷ್ಟಕಾಲದಲ್ಲಿಯೂ ಆಟವನ್ನು ಜೀವಂತ ಇಟ್ಟದ್ದು ಮಣಿಪುರ. ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನು ಆ ಪುಟ್ಟ ರಾಜ್ಯ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿದೆ. ಬೆಂಬೆಂ ದೇವಿ ಎರಡು ದಶಕ ದೇಶಕ್ಕಾಗಿ ಆಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಒಂದು ರಾಜ್ಯದ ಊರೂರಿನ ಮೈದಾನಗಳೇ ಇಡೀ ದೇಶದ ತಂಡವನ್ನು ಹೊತ್ತು ನಿಂತದ್ದು ಆ ರಾಜ್ಯಕ್ಕೆ ಹೆಮ್ಮೆಯ ವಿಷಯ. ಉಳಿದ ರಾಜ್ಯಗಳಿಗೆ, ಕರ್ನಾಟಕವನ್ನೂ ಸೇರಿಸಿ, ಆತ್ಮಾವಲೋಕನದ ವಿಷಯ.

ಪಟ್ಟಿಯಿಂದಲೇ ಮಾಯ

2006ರಿಂದ ಏಷ್ಯಾ ಕಪ್‌ನ ಮುಖ್ಯ ಸುತ್ತಿನಲ್ಲಿ ತಂಡಗಳ ಸಂಖ್ಯೆ ಕಡಿತಗೊಂಡು ಅರ್ಹತಾ ಸುತ್ತು ಬಿಗಿಯಾಯಿತು. ಭಾರತಕ್ಕೆ ಬಾಗಿಲು ಮುಚ್ಚಿತು. ಆ ಬಳಿಕದ ಸತತ ಐದು ಪಂದ್ಯಾವಳಿಗಳಲ್ಲಿ, 2018ರವರೆಗೆ, ಭಾರತ ಮುಖ್ಯ ಸುತ್ತು ತಲುಪಲಿಲ್ಲ.

ಈ ಅವಧಿಯ ಅತ್ಯಂತ ನಾಚಿಕೆಗೇಡಿನ ಘಟನೆ 2009ರದು. 18 ತಿಂಗಳ ಕಾಲ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದ ತಂಡವನ್ನು ಫಿಫಾ ತನ್ನ ಕ್ರಮಾಂಕ ಪಟ್ಟಿಯಿಂದ ಕೈಬಿಡುವುದು ಆಗಿನ ನಿಯಮವಾಗಿತ್ತು. ಆ ನಿಯಮದಡಿ ಭಾರತ ಪಟ್ಟಿಯಿಂದ ಹೊರಬಿತ್ತು. ನೂರು ಕೋಟಿ ದಾಟಿದ ಜನಸಂಖ್ಯೆಯ ದೇಶದ ಮಹಿಳಾ ತಂಡ ಒಂದೂವರೆ ವರ್ಷದಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ ಎಂಬುದನ್ನು ಹೇಗೆ ಸಮರ್ಥಿಸಿಕೊಳ್ಳುವುದು? ಪಂದ್ಯ ಏರ್ಪಡಿಸುವುದು ಆಟಗಾರ್ತಿಯರ ಕೆಲಸವಲ್ಲವಲ್ಲ.

2010ರಲ್ಲಿ ದಕ್ಷಿಣ ಏಷ್ಯಾ ಚಾಂಪಿಯನ್‌ಷಿಪ್ ಆರಂಭವಾದ ಮೇಲೆ ಕೊಂಚ ಚೇತರಿಕೆ ಕಂಡಿತು. 2010, 2012, 2014, 2016, 2019 ಹೀಗೆ ಮೊದಲ ಐದೂ ಪ್ರಶಸ್ತಿಗಳನ್ನು ಭಾರತವೇ ಗೆದ್ದಿತು. ಆದರೆ ಈ ಗೆಲುವುಗಳು ಒಂದು ಬಗೆಯ ಭ್ರಮೆಯನ್ನೂ ಹುಟ್ಟಿಸಿದವು. ನೆರೆಹೊರೆಯವರ ಎದುರು ಗೆಲ್ಲುತ್ತಿದ್ದ ತಂಡ ಏಷ್ಯಾ ಮಟ್ಟದಲ್ಲಿ ಮುಗ್ಗರಿಸುತ್ತಲೇ ಇತ್ತು. 2014ರ ಇಂಚೆಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾ ಎದುರು 0–10, ಥಾಯ್ಲೆಂಡ್ ಎದುರೂ 0–10. 2017ರ ಏಪ್ರಿಲ್‌ನಲ್ಲಿ ಪ್ಯಾಂಗ್ಯಾಂಗ್‌ನಲ್ಲಿ ನಡೆದ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಉತ್ತರ ಕೊರಿಯಾ ಎದುರು 0–8, ದಕ್ಷಿಣ ಕೊರಿಯಾ ಎದುರು ಮತ್ತೆ 0–10, ಉಜ್ಬೇಕಿಸ್ತಾನ ಎದುರು 1–7. ಗೆದ್ದದ್ದು ಹಾಂಗ್‌ಕಾಂಗ್ ಎದುರು ಮಾತ್ರ, 2–0ಯಿಂದ.

ನವಿ ಮುಂಬೈನಲ್ಲಿ ನಡೆಯದ ಪಂದ್ಯ

2022ರಲ್ಲಿ ಅದೃಷ್ಟ ತಾನಾಗಿ ಮನೆಬಾಗಿಲಿಗೆ ಬಂದಿತ್ತು. ಏಷ್ಯಾ ಕಪ್‌ನ ಆತಿಥ್ಯ ಭಾರತಕ್ಕೆ ದೊರೆತದ್ದರಿಂದ ತಂಡಕ್ಕೆ ನೇರ ಪ್ರವೇಶ ಸಿಕ್ಕಿತು. ತಂಡಗಳ ಸಂಖ್ಯೆ 8ರಿಂದ 12ಕ್ಕೆ ಏರಿತ್ತು. ಮುಂಬೈ, ನವಿ ಮುಂಬೈ, ಪುಣೆಗಳಲ್ಲಿ ಪಂದ್ಯಗಳು. 2011ರ ವಿಶ್ವಕಪ್‌ನಲ್ಲಿ ಸ್ವೀಡನ್‌ಗೆ ಮೂರನೇ ಸ್ಥಾನ ತಂದುಕೊಟ್ಟಿದ್ದ ಥಾಮಸ್ ಡೆನ್ನರ್‌ಬಿ ಕೋಚ್ ಆಗಿದ್ದರು. 2021ರ ಕೊನೆಯಲ್ಲಿ ತಂಡ ಬ್ರೆಜಿಲ್ ಪ್ರವಾಸವನ್ನೂ ಮಾಡಿ ಬಂದಿತ್ತು. ಅಲ್ಲಿ ಆತಿಥೇಯರ ಎದುರು 1–6ರಿಂದ ಸೋತರೂ ಮನೀಷಾ ಕಲ್ಯಾಣ್ ಹೊಡೆದ ಗೋಲು ಎಲ್ಲರ ಗಮನ ಸೆಳೆದಿತ್ತು.

ಜನವರಿ 20ರಂದು ಇರಾನ್ ವಿರುದ್ಧದ ಮೊದಲ ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ಜನವರಿ 23ರಂದು ಚೈನೀಸ್ ತೈಪೆ ವಿರುದ್ಧ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಎರಡನೇ ಪಂದ್ಯ ನಡೆಯಬೇಕಿತ್ತು. ಅಷ್ಟರಲ್ಲಿ ಶಿಬಿರದ 12 ಆಟಗಾರ್ತಿಯರಿಗೆ ಕೊರೊನಾ ಸೋಂಕು ತಗುಲಿತು. ಕನಿಷ್ಠ 13 ಆಟಗಾರ್ತಿಯರು ಲಭ್ಯವಿರಬೇಕೆಂಬ ನಿಯಮ ಪೂರೈಸಲಾಗದೆ ಪಂದ್ಯ ರದ್ದಾಯಿತು. ಅಷ್ಟೇ ಅಲ್ಲ, ಭಾರತ ಪಂದ್ಯಾವಳಿಯಿಂದಲೇ ಹಿಂದೆ ಸರಿದಿದೆ ಎಂದು ಪರಿಗಣಿಸಿ ಇರಾನ್ ಎದುರಿನ ಪಂದ್ಯದ ಫಲಿತಾಂಶವನ್ನೂ ಅಳಿಸಿಹಾಕಲಾಯಿತು. ಜೀವನದಲ್ಲಿ ಮತ್ತೆ ಬಾರದ ಅವಕಾಶವೊಂದು ಆ ಆಟಗಾರ್ತಿಯರ ಕಣ್ಣೆದುರೇ ಕರಗಿತು. ಜೈವಿಕ ಸುರಕ್ಷಾ ವಲಯದ ಲೋಪಕ್ಕೆ ಯಾರು ಹೊಣೆ ಎಂಬ ಬಗ್ಗೆ ಎಐಎಫ್‌ಎಫ್ ಮತ್ತು ಎಎಫ್‌ಸಿ ನಡುವೆ ಪತ್ರ ಸಮರ ನಡೆದು ತಣ್ಣಗಾಯಿತು. ನಷ್ಟ ಮಾತ್ರ ಆಟಗಾರ್ತಿಯರ ಪಾಲಿಗೆ.

ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪದ ಕಾರಣ ನೀಡಿ ಫಿಫಾ ಎಐಎಫ್‌ಎಫ್ಅನ್ನು ಅಮಾನತುಗೊಳಿಸಿತು. ಅಮಾನತು ಎರಡು ವಾರದೊಳಗೆ ತೆರವಾಯಿತಾದರೂ, ಆ ಹೊತ್ತಿಗೆ ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗಾಗಿ ತಾಷ್ಕೆಂಟ್ ತಲುಪಿದ್ದ ಗೋಕುಲಂ ಕೇರಳ ತಂಡ ಒಂದೂ ಪಂದ್ಯ ಆಡದೆ ಹಿಂತಿರುಗಿತು. ಕುರ್ಚಿಗಾಗಿ ಕಾದಾಡಿದವರು ಯಾರೋ, ದಂಡ ತೆತ್ತವರು ಇನ್ಯಾರೋ.

ಗೆಲುವು ಬಂದ ಬಗೆ

ಹಾಗಾದರೆ ಚಿಯಾಂಗ್ ಮಾಯ್ ಗೆಲುವು ಹೇಗೆ ಸಾಧ್ಯವಾಯಿತು? ಅದು ಪವಾಡವಲ್ಲ. ಅದರ ಹಿಂದೆ ಹತ್ತು ವರ್ಷಗಳ ನಿಧಾನಗತಿಯ ಬದಲಾವಣೆಯಿದೆ.

ಮೊದಲನೆಯದು ಲೀಗ್. 2016–17ರಲ್ಲಿ ಭಾರತೀಯ ಮಹಿಳಾ ಲೀಗ್ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಅದು ಒಂದೇ ಊರಿನಲ್ಲಿ ಕೆಲವು ವಾರ ನಡೆದು ಮುಗಿಯುವ ಪಂದ್ಯಾವಳಿಯಷ್ಟೇ ಆಗಿತ್ತು. 2023–24ರಲ್ಲಿ ಮೊದಲ ಬಾರಿಗೆ ತವರು ಮತ್ತು ಹೊರ ಮೈದಾನಗಳ ಪದ್ಧತಿಗೆ ಬದಲಾಯಿತು. ಆಟಗಾರ್ತಿಗೆ ತಿಂಗಳುಗಟ್ಟಲೆ ಪಂದ್ಯ ಸಿಗತೊಡಗಿತು. 2023ರ ಏಪ್ರಿಲ್‌ನಲ್ಲಿ ಎಐಎಫ್‌ಎಫ್ ಲೀಗ್‌ನ ಕ್ಲಬ್‌ಗಳು ಕನಿಷ್ಠ 10 ಭಾರತೀಯ ಆಟಗಾರ್ತಿಯರನ್ನು ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ವೇತನದ ಒಪ್ಪಂದದ ಮೇಲೆ ನೇಮಿಸಿಕೊಳ್ಳಬೇಕೆಂಬ ನಿರ್ಧಾರ ಕೈಗೊಂಡಿತು. ತಿಂಗಳಿಗೆ ಸುಮಾರು 27 ಸಾವಿರ ರೂಪಾಯಿ. ದೊಡ್ಡ ಮೊತ್ತವಲ್ಲ. ಆದರೆ ‘ಆಟ ಬಿಟ್ಟು ಕೆಲಸ ಹುಡುಕು’ ಎನ್ನುವ ಮನೆಯವರಿಗೆ ಹೇಳಲು ಆಟಗಾರ್ತಿಯ ಬಳಿ ಒಂದು ಉತ್ತರವಿದೆ.

ಎರಡನೆಯದು ಹೊರದೇಶದ ಅನುಭವ. 2015ರಲ್ಲಿ ಗೋಲ್‌ಕೀಪರ್ ಅದಿತಿ ಚೌಹಾಣ್ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಸೇರಿದರು. 2020ರಲ್ಲಿ ಬಾಲಾ ದೇವಿ ಸ್ಕಾಟ್ಲೆಂಡಿನ ರೇಂಜರ್ಸ್ ಜೊತೆ ಒಪ್ಪಂದ ಮಾಡಿಕೊಂಡರು. 2022ರಲ್ಲಿ ಸೈಪ್ರಸ್‌ನ ಅಪೊಲಾನ್ ಸೇರಿದ ಮನೀಷಾ ಕಲ್ಯಾಣ್, ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳೆನಿಸಿದರು.

ಮೂರನೆಯದು ಸಿದ್ಧತೆ, ಇಲ್ಲಿ ನಮ್ಮ ರಾಜಧಾನಿಯ ಪಾಲೂ ಇದೆ. ಅರ್ಹತಾ ಸುತ್ತಿಗೆ ಮುನ್ನ ಕೋಚ್ ಕ್ರಿಸ್ಪಿನ್ ಛೆಟ್ರಿ ಅವರ ಮಾರ್ಗದರ್ಶನದಲ್ಲಿ ತಂಡದ ದೀರ್ಘ ಶಿಬಿರ ನಡೆದದ್ದು ಬೆಂಗಳೂರಿನ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ. ಉಜ್ಬೇಕಿಸ್ತಾನ ವಿರುದ್ಧ ಎರಡು ಸೌಹಾರ್ದ ಪಂದ್ಯಗಳನ್ನೂ ಅಲ್ಲಿಯೇ ಆಡಿಸಲಾಯಿತು. ವಾರಗಟ್ಟಲೆ ಒಟ್ಟಿಗಿದ್ದು, ಬಲವಾದ ಎದುರಾಳಿಯ ಜೊತೆ ಆಡಿ, ತಪ್ಪು ತಿದ್ದಿಕೊಂಡು ಹೊರಟ ತಂಡ ಅದು. ಮಂಗೋಲಿಯಾ ಎದುರು 13–0, ಟಿಮೋರ್ ಲೆಸ್ಟೆ ಎದುರು 4–0, ಇರಾಕ್ ಎದುರು 5–0, ಕೊನೆಗೆ ಥಾಯ್ಲೆಂಡ್ ಎದುರು 2–1. ನಾಲ್ಕು ಪಂದ್ಯಗಳಲ್ಲಿ 24 ಗೋಲು ಹೊಡೆದು ಬಿಟ್ಟುಕೊಟ್ಟದ್ದು ಒಂದೇ. 1983ರ ಫೈನಲ್‌ನಲ್ಲಿ ಸೋಲಿಸಿದ, 2014ರಲ್ಲಿ ಹತ್ತು ಗೋಲು ಹೊಡೆದ ಅದೇ ಥಾಯ್ಲೆಂಡ್ ಎದುರು, ಹನ್ನೊಂದು ವರ್ಷಗಳಲ್ಲಿ ಇಷ್ಟು ದೂರ ಕ್ರಮಿಸಲು ಸಾಧ್ಯವಾಯಿತೆಂದರೆ ಪಾಠ ಸ್ಪಷ್ಟ: ಆಡಲು ಬಿಟ್ಟರೆ ಇವರು ಗೆಲ್ಲಬಲ್ಲರು.

ನೆರೆಯವರು ಕಲಿಸುವ ಪಾಠ

ಹಾಗೆಂದು ನಿಶ್ಚಿಂತರಾಗುವಂತಿಲ್ಲ. 2022 ಮತ್ತು 2024ರ ದಕ್ಷಿಣ ಏಷ್ಯಾ ಪ್ರಶಸ್ತಿಗಳು ಬಾಂಗ್ಲಾದೇಶದ ಪಾಲಾದವು. 2026ರ ಏಷ್ಯಾ ಕಪ್‌ಗೆ ಬಾಂಗ್ಲಾ ಮಹಿಳೆಯರೂ ಮೊದಲ ಬಾರಿಗೆ ಅರ್ಹತೆ ಪಡೆದರು, ಅದೂ ಭಾರತಕ್ಕಿಂತ ಮೊದಲೇ. ಆ ತಂಡದ ಬೇರು ಇರುವುದು ಪ್ರಾಥಮಿಕ ಶಾಲಾ ಬಾಲಕಿಯರಿಗಾಗಿ ಅಲ್ಲಿ ದೇಶದಾದ್ಯಂತ ನಡೆಸಿದ ಫುಟ್‌ಬಾಲ್ ಪಂದ್ಯಾವಳಿಯಲ್ಲಿ. ಮೈಮನ್‌ಸಿಂಗ್ ಜಿಲ್ಲೆಯ ಕಲ್ಸಿಂದೂರ್ ಎಂಬ ಗಡಿಗ್ರಾಮವೊಂದೇ ರಾಷ್ಟ್ರೀಯ ತಂಡಕ್ಕೆ ಹಲವು ಆಟಗಾರ್ತಿಯರನ್ನು ಕೊಟ್ಟಿತು. ದೊಡ್ಡ ಅಕಾಡೆಮಿಗಳಿಲ್ಲದ ದೇಶ ಶಾಲೆಯ ಮೈದಾನದಿಂದ ತಂಡ ಕಟ್ಟಿತು.

ನಮ್ಮದೇ ಕ್ರಿಕೆಟ್ ಇನ್ನೊಂದು ನಿದರ್ಶನ. ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ, ಮಹಿಳಾ ಫುಟ್‌ಬಾಲ್ ಸಂಸ್ಥೆಗಿಂತ ಕೇವಲ ಎರಡು ವರ್ಷ ಮೊದಲು. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಮುನ್ನಡೆಸಿದ ಆ ಕಾಲದ ಕ್ರಿಕೆಟ್ ತಂಡವೂ ಅಷ್ಟೇ ಬಡತನದಲ್ಲಿ ಆಡಿತು. ಅದು 2006ರಲ್ಲಿ ಬಿಸಿಸಿಐ ತೆಕ್ಕೆಗೆ ಬಂತು. ಅಲ್ಲಿಯೂ ಹಲವು ವರ್ಷ ನಿರ್ಲಕ್ಷ್ಯವಿತ್ತು. ಆದರೆ 2022ರಲ್ಲಿ ಪುರುಷರಿಗೆ ಸಮನಾದ ಪಂದ್ಯ ಶುಲ್ಕ, 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಬಂದವು. 2025ರ ನವೆಂಬರ್ 2ರಂದು ಭಾರತದ ವನಿತೆಯರು ಏಕದಿನ ವಿಶ್ವಕಪ್ ಗೆದ್ದರು. ಆ ಫೈನಲ್ ನಡೆದದ್ದು ನವಿ ಮುಂಬೈನ ಅದೇ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ. 2022ರ ಜನವರಿಯಲ್ಲಿ ಫುಟ್‌ಬಾಲ್ ಆಟಗಾರ್ತಿಯರು ಅಂಗಳಕ್ಕಿಳಿಯಲಾಗದೆ ಹೋಟೆಲ್ ಕೋಣೆಗಳಲ್ಲಿ ಉಳಿದದ್ದೂ ಅದೇ ಕ್ರೀಡಾಂಗಣದ ಪಂದ್ಯಕ್ಕಾಗಿ. ಒಂದೇ ಅಂಗಳದ ಈ ಎರಡು ದೃಶ್ಯಗಳ ನಡುವಣ ವ್ಯತ್ಯಾಸ ಪ್ರತಿಭೆಯದಲ್ಲ. ಹಣ ಮತ್ತು ಹೊಣೆಗಾರಿಕೆಯದು.

ಫುಟ್‌ಬಾಲ್‌ಗೆ ಕ್ರಿಕೆಟ್‌ನಷ್ಟು ಹಣವಿಲ್ಲ ಎಂಬ ವಾದ ನಿಜ. ಆದರೆ ಬೇಕಿರುವುದು ಕ್ರಿಕೆಟ್‌ನಷ್ಟು ಹಣವಲ್ಲ. ಲೀಗ್ ಪ್ರತಿವರ್ಷ ನಿಗದಿತ ತಿಂಗಳಲ್ಲಿ ಆರಂಭವಾಗಿ ನಿಗದಿತ ತಿಂಗಳಲ್ಲಿ ಮುಗಿಯಬೇಕು. ಫಿಫಾ ನಿಗದಿಪಡಿಸಿದ ಅಂತರರಾಷ್ಟ್ರೀಯ ಅವಧಿಗಳಲ್ಲಿ ರಾಷ್ಟ್ರೀಯ ತಂಡ ತಪ್ಪದೆ ಆಡಬೇಕು. ಪ್ರತಿ ರಾಜ್ಯ ಸಂಸ್ಥೆ ತನ್ನ ಮಹಿಳಾ ಲೀಗನ್ನು, ಅದರ ಕೆಳಗೆ ಬಾಲಕಿಯರ ಲೀಗನ್ನು ಕಡ್ಡಾಯವಾಗಿ ನಡೆಸಬೇಕು. ಇವು ಆಡಳಿತದ ಶಿಸ್ತಿನಿಂದ ಆಗುವ ಕೆಲಸಗಳು.

ಕರ್ನಾಟಕಕ್ಕೂ ಇಲ್ಲಿ ಜವಾಬ್ದಾರಿಯಿದೆ. ಆಸ್ಟಿನ್ ಟೌನ್, ಗೌತಮಪುರಗಳಂಥ ಬಡಾವಣೆಗಳಿಂದ ದೇಶಕ್ಕೆ ಫುಟ್‌ಬಾಲ್ ಆಟಗಾರರನ್ನು ಕೊಟ್ಟ ಊರು ಬೆಂಗಳೂರು. ಇಲ್ಲಿಯ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್ ತಲುಪಿ, ಗೋಕುಲಂ ಕೇರಳ ಎದುರು ಸೋತು ಎರಡನೇ ಸ್ಥಾನ ಪಡೆಯಿತು. ಕ್ಲಬ್ ಒಂದು ಇಷ್ಟು ಮಾಡಬಹುದಾದರೆ, ಸರ್ಕಾರಿ ಶಾಲೆಗಳ ಮೈದಾನಗಳೂ ಜಿಲ್ಲಾ ಕ್ರೀಡಾಂಗಣಗಳೂ ಕೈಜೋಡಿಸಿದರೆ ಏನೆಲ್ಲ ಆಗಬಹುದು? ಚೆಂಡಿನ ಹಿಂದೆ ಓಡುವ ಹತ್ತು ವರ್ಷದ ಬಾಲಕಿಗೆ ಹದಿನಾಲ್ಕರಲ್ಲಿಯೂ ಆಡಲು ತಂಡ ಇರುವಂತೆ, ಹದಿನೆಂಟರಲ್ಲಿ ಲೀಗ್ ಇರುವಂತೆ ನೋಡಿಕೊಂಡರೆ ಸಾಕು.

ಅಳೆಯುವ ಕೋಲು ಯಾವುದು?

2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ನಿಗದಿಯಾದ ಏಷ್ಯಾ ಕಪ್‌ಗೆ 2025ರ ಜುಲೈನಲ್ಲಿ ಗುಂಪುಗಳನ್ನು ಆರಿಸಿದಾಗ ಭಾರತದ ಪಾಲಿಗೆ ಬಂದವರು ಜಪಾನ್, ವಿಯೆಟ್ನಾಂ ಮತ್ತು ಚೈನೀಸ್ ತೈಪೆ. ಆ ಪಟ್ಟಿಯೇ ಒಂದು ಇತಿಹಾಸ ಪಾಠ. 1980ರಲ್ಲಿ ಕಲ್ಲಿಕೋಟೆಯ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದವರು, 2022ರಲ್ಲಿ ನಾವು ಎದುರಿಸಲಾಗದೆ ಹೋದವರು ತೈಪೆಯವರು. 1981ರಲ್ಲಿ ನಮಗಿಂತ ಹಿಂದಿದ್ದು, ಆಮೇಲೆ ವಿಶ್ವವನ್ನೇ ಗೆದ್ದವರು ಜಪಾನೀಯರು.

ಒಂದು ಪಂದ್ಯಾವಳಿಯ ಗೆಲುವು ಸೋಲಿನ ಮೇಲೆ ಈ ತಂಡವನ್ನು ಅಳೆಯುವುದು ನ್ಯಾಯವಲ್ಲ. ಗೆದ್ದಾಗ ಹೂಮಾಲೆ ಹಾಕಿ, ಸೋತಾಗ ಮರೆತುಬಿಡುವುದು ನಮ್ಮ ಹಳೆಯ ಚಾಳಿ. 1983ರಲ್ಲಿಯೂ ಆದದ್ದು ಅದೇ: ಫೈನಲ್ ಆಡಿದ ತಂಡಕ್ಕೆ ಮುಂದಿನ ಪಂದ್ಯಾವಳಿಯೇ ಇರಲಿಲ್ಲ. ಆದ್ದರಿಂದ ಅಳೆಯಬೇಕಾದದ್ದು ಆಟಗಾರ್ತಿಯರನ್ನಲ್ಲ, ಆಡಳಿತವನ್ನು. ವರ್ಷಕ್ಕೆ ಎಷ್ಟು ಪಂದ್ಯ ಆಡಿಸಿದಿರಿ? ಲೀಗ್ ಸಮಯಕ್ಕೆ ನಡೆಯಿತೇ? ವೇತನ ಕೈಸೇರಿತೇ? ಈ ಮೂರು ಪ್ರಶ್ನೆಗಳನ್ನು ಪ್ರತಿವರ್ಷ ಕೇಳುವವರು ಇರಬೇಕು.

ಸಂಗೀತಾ ಬಾಸ್‌ಫೋರ್ ಅವರ ಎರಡು ಗೋಲುಗಳು ನಾಲ್ಕು ದಶಕಗಳ ಹಿಂದೆ ಮುಚ್ಚಿದ್ದ ಬಾಗಿಲನ್ನು ತೆರೆದವು. ಅದನ್ನು ತೆರೆದಿಡುವುದು ಅವರೊಬ್ಬರ ಕೆಲಸವಲ್ಲ. ಶಾಂತಿ ಮಲಿಕ್ ಅವರ ಪೀಳಿಗೆಗೆ ಆದ ಅನ್ಯಾಯ ಈ ಪೀಳಿಗೆಗೂ ಆಗದಿರಲಿ.